ಹಾರಂಗಿಗೆ ತಾಮ್ರದ ದರ ಬರುವ ದಾರಿ



ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು ಎಂಬ ಅವಸರ ಕೊಡಗಿನ ತೋಟಗಳಲ್ಲಿ ಪ್ರತಿ ವರ್ಷದ್ದು. ಅರೇಬಿಕಾಕ್ಕೆ ಎಲೆತುಕ್ಕು, ಕರಿಮೆಣಸಿಗೆ ಸೊರಗು, ಅಡಿಕೆಗೆ ಕೊಳೆ. ಮೂರಕ್ಕೂ ಹಳೆಯ ಮದ್ದು ಒಂದೇ: ಮೈಲುತುತ್ತ ಮತ್ತು ಸುಣ್ಣ. ಸುಣ್ಣದ ಬೆಲೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೈಲುತುತ್ತದ ಚೀಲದ ಮುಂದೆ ನಿಂತಾಗ ಮಾತ್ರ, ಹಾರಂಗಿ ಹಿನ್ನೀರಿನ ಬದಿಯವರಿರಲಿ, ಮಾದಾಪುರ, ಸುಂಟಿಕೊಪ್ಪದವರಿರಲಿ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಹೋದ ವರ್ಷ ಇಷ್ಟಿರಲಿಲ್ಲವಲ್ಲ, ಈ ರೇಟು ಯಾರು ಮಾಡಿದ್ದು?" ಅಂಗಡಿಯವರ ಉತ್ತರವೂ ಒಂದೇ: "ನಮ್ಮ ಕೈಲಿಲ್ಲ ಸಾರ್, ಮೇಲಿಂದಲೇ ಹೆಚ್ಚಾಗಿದೆ."

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮೇಲಿನ ಜಾಗಕ್ಕೆ ವಿಳಾಸ ಉಂಟು, ಅಲ್ಲಿ ದರ ಕಟ್ಟುವ ಗಂಟೆ ಗೊತ್ತು, ಕಟ್ಟಿದ ದರ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಕಾಫಿಯ ವಿಷಯದಲ್ಲಿ ನಮಗೆ ಇದು ಹೊಸದಲ್ಲ. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಎಂದು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ನಾವು ಮಾರುವ ಬೆಳೆಯ ದರವನ್ನು ಅಷ್ಟು ಚೆನ್ನಾಗಿ ಬಲ್ಲವರು, ನಾವು ಕೊಳ್ಳುವ ತಾಮ್ರ, ಅಲ್ಯೂಮಿನಿಯಂ, ಸತು, ಉಕ್ಕಿನ ದರ ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ಬಲ್ಲವರಾಗಬೇಕು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ತಾಮ್ರವನ್ನೇ ಹಿಡಿದು ಹೇಳುತ್ತೇನೆ. ನಮಗೆ ಹತ್ತಿರದ್ದು ಅದು.

ಮೊದಲು ಚೀಲದಿಂದಲೇ ಶುರು ಮಾಡೋಣ. ಶುದ್ಧ ಮೈಲುತುತ್ತದ ಒಂದು ಕಿಲೋ ನೀಲಿ ಹರಳಿನಲ್ಲಿ ತಾಮ್ರ ಇರುವುದು ಸುಮಾರು 254 ಗ್ರಾಂ. ಉಳಿದದ್ದು ಗಂಧಕ, ಆಮ್ಲಜನಕ ಮತ್ತು ಹರಳಿನೊಳಗೇ ಕಟ್ಟಿಕೊಂಡಿರುವ ನೀರು. ಆ ನೀರಿನ ಪಾಲೇ ಮೂರನೇ ಒಂದಕ್ಕಿಂತ ಹೆಚ್ಚು. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಂದರೆ 100 ಲೀಟರ್ ಹೊಡೆದಾಗ ಕಾಲು ಕಿಲೋ ತಾಮ್ರ ನಮ್ಮ ಗಿಡಗಳ ಮೇಲೆ ಹೋಗಿ ಕೂರುತ್ತದೆ. ಫ್ರಾನ್ಸಿನ ಬೋರ್ಡೋ ಪಟ್ಟಣದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಇದರ ಗುಣ ಕಂಡುಕೊಂಡು, 1885ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಕಡೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರ ಸುಮಾರಿನಲ್ಲೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೊಡೆಸಿ ತೋರಿಸಿದರು.

ದ್ರಾವಣ ಹದವಾಗಿದೆಯೇ ಎಂದು ನೋಡುವ ಹಳೆಯ ಪದ್ಧತಿ ಗೊತ್ತಿರುವವರಿಗೆ ಗೊತ್ತು. ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನೋ ಕತ್ತಿಯ ತುದಿಯನ್ನೋ ಡ್ರಮ್ಮಿನೊಳಗೆ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ ನೋಡಬೇಕು. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಆ ಕೆಂಪು ಲೇಪ ಅಪ್ಪಟ ತಾಮ್ರ. ನಮ್ಮ ಚಾಕುವಿನ ಮೇಲೆ ಕೂತ ಆ ಲೋಹಕ್ಕೇ ಲಂಡನ್ನಿನಲ್ಲಿ ದರ ಕಟ್ಟುವುದು.

ಲಂಡನ್ ಮೆಟಲ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಹುಟ್ಟಿದ್ದು 1877ರಲ್ಲಿ, ಲೊಂಬಾರ್ಡ್ ಕೋರ್ಟ್ ಎಂಬ ಓಣಿಯಲ್ಲಿ, ಒಂದು ಟೋಪಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅದಕ್ಕೂ ಮೊದಲು ಲೋಹದ ವ್ಯಾಪಾರಿಗಳು ಸೇರುತ್ತಿದ್ದುದು ಕಾರ್ನ್‌ಹಿಲ್ ಬಳಿಯ ಜೆರುಸಲೇಮ್ ಕಾಫಿ ಹೌಸ್‌ನಲ್ಲಿ. ಕಾಫಿ ಬೆಳೆಯುವ ನಾಡಿನವರಾದ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು: ಜಗತ್ತಿನ ತಾಮ್ರದ ದರ ಹುಟ್ಟಿದ್ದು ಕಾಫಿ ಅಂಗಡಿಯೊಂದರಲ್ಲಿ. ಲೋಹ ಮಾರಬೇಕಾದವನು ನೆಲದ ಮೇಲೆ ಹರಡಿದ್ದ ಮರದ ಹೊಟ್ಟಿನಲ್ಲಿ ಒಂದು ವೃತ್ತ ಬರೆದು ಕೂಗು ಹಾಕುತ್ತಿದ್ದ. ಕೊಳ್ಳುವವರು ಆ ವೃತ್ತದ ಸುತ್ತ ನಿಂತು ಬೆಲೆ ಕೂಗುತ್ತಿದ್ದರು. ಇಂದಿಗೂ ಅಲ್ಲಿನ ಕೂಗು ವ್ಯಾಪಾರದ ಸಭೆಗೆ ರಿಂಗ್ ಎಂದೇ ಹೆಸರು. ಕೆಂಪು ಆಸನಗಳು ವೃತ್ತಾಕಾರದಲ್ಲಿವೆ. ಕೊರೊನಾ ಬಂದಾಗ 2020ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಕಂಪ್ಯೂಟರಿನಲ್ಲೇ ಎಲ್ಲ ನಡೆಯುವಾಗ ಇದಿನ್ನೇಕೆ ಎಂಬ ಚರ್ಚೆಯೂ ಎದ್ದಿತ್ತು. ಆದರೂ 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದರು. ಸಂಸ್ಥೆಯ ಒಡೆತನ ಮಾತ್ರ 2012ರಿಂದ ಹಾಂಗ್‌ಕಾಂಗ್‌ನ ಷೇರುಪೇಟೆ ಸಂಸ್ಥೆಯ ಕೈಯಲ್ಲಿದೆ.

ಅಲ್ಲಿ ತಾಮ್ರದ ಅಧಿಕೃತ ದರ ನಿಗದಿಯಾಗುವುದು ಲಂಡನ್ ಸಮಯ ಮಧ್ಯಾಹ್ನ 12:30ರಿಂದ 12:35ರವರೆಗಿನ ಐದು ನಿಮಿಷದಲ್ಲಿ. ನಮ್ಮ ಗಡಿಯಾರದಲ್ಲಿ ಅದು ಸಂಜೆ ಐದು ಗಂಟೆ. ಅಲ್ಲಿ ಚಳಿಗಾಲವಾದರೆ ಆರು. ನಾವು ಹಾಲನ್ನು ಡೈರಿಗೆ ಹಾಕಿ ಮನೆಗೆ ಮರಳುವ ಹೊತ್ತು. ಆ ಐದು ನಿಮಿಷದ ಕೊನೆಯಲ್ಲಿ ಕೊಳ್ಳುವವರ ಕೊನೆಯ ಕೂಗೆಷ್ಟು, ಮಾರುವವರ ಕೊನೆಯ ಕೂಗೆಷ್ಟು ಎಂದು ಬರೆದುಕೊಂಡು ಪ್ರಕಟಿಸುತ್ತಾರೆ. ತಕ್ಷಣದ ತಾಮ್ರಕ್ಕೆ ಮಾರುವವರ ಕೊನೆಯ ಕೂಗು ಯಾವುದೋ ಅದೇ ಆ ದಿನದ ಇತ್ಯರ್ಥ ದರ. ಜಗತ್ತಿನ ಗಣಿಗಳು, ಕರಗಿಸುವ ಕಾರ್ಖಾನೆಗಳು, ತಂತಿ ಎಳೆಯುವವರು ತಮ್ಮ ಕರಾರುಗಳಲ್ಲಿ "ಲಂಡನ್ ದರದಂತೆ" ಎಂದು ಬರೆಯುವುದು ಈ ಅಂಕಿಯನ್ನು ಅಥವಾ ಇದರ ತಿಂಗಳ ಸರಾಸರಿಯನ್ನು. ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿಕೊಂಡಿದೆ. ತಾಮ್ರದ ಅದಿರು ತೆಗೆದವರು ಸರ್ಕಾರಕ್ಕೆ ಕಟ್ಟಬೇಕಾದ ರಾಜಧನ, ಅದಿರಿನೊಳಗಿನ ತಾಮ್ರಕ್ಕೆ ಲಂಡನ್ ದರ ಹಾಕಿ ಅದರ ಶೇಕಡಾ 4.62 ಎಂದು 2014ರಲ್ಲಿ ಗೊತ್ತುಮಾಡಿದ್ದಾರೆ.

ದಿನದ ದರದ ಜೊತೆಗೇ ಮೂರು ತಿಂಗಳ ದರ ಎಂದು ಇನ್ನೊಂದು ಪ್ರಕಟವಾಗುತ್ತದೆ. ಮೂರೇ ತಿಂಗಳು ಏಕೆ ಎಂದರೆ ಅದರಲ್ಲಿ ಹಡಗಿನ ಕಥೆಯಿದೆ. ದಕ್ಷಿಣ ಅಮೆರಿಕದ ಚಿಲಿಯಿಂದ ತಾಮ್ರ ಹೊತ್ತ ಹಡಗು ಇಂಗ್ಲೆಂಡ್ ಮುಟ್ಟಲು ಹತ್ತಿರಹತ್ತಿರ ಮೂರು ತಿಂಗಳು ಹಿಡಿಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮಲಯದ ತವರವೂ ಅಷ್ಟೇ ಕಾಲದಲ್ಲಿ ಬರತೊಡಗಿತು. ಸಮುದ್ರದ ಮೇಲಿರುವ ಸರಕಿಗೆ ಇಂದೇ ಬೆಲೆ ಕಟ್ಟಿಕೊಳ್ಳುವ ಪದ್ಧತಿ ಹೀಗೆ ಬಂತು. ಹಡಗಿನ ವೇಗ ಎಷ್ಟೋ ಹೆಚ್ಚಿದೆ, ಮೂರು ತಿಂಗಳ ಲೆಕ್ಕ ಮಾತ್ರ ಉಳಿದುಕೊಂಡಿದೆ.

ಇನ್ನು ದಾಸ್ತಾನಿನ ವಿಷಯ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಬರೆಯುತ್ತವೆ: ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಆ ನಾಲ್ಕು ಅಂಕಿ ನೋಡಿದರೆ ಸಾಕು, ಕಾಲುವೆಯ ಕೆಳಗಿನ ರೈತರಿಗೆ ಸಸಿಮಡಿ ಹಾಕಬಹುದೇ, ಕಾಯಬೇಕೇ ಎಂಬುದು ಗೊತ್ತಾಗುತ್ತದೆ. ತಾಮ್ರಕ್ಕೂ ಇಂಥದೇ ಒಂದು ವರದಿ ಪ್ರತಿ ಕೆಲಸದ ದಿನ ಬೆಳಿಗ್ಗೆ ಲಂಡನ್ನಿನಿಂದ ಹೊರಡುತ್ತದೆ. ಬೇರೆ ಬೇರೆ ದೇಶಗಳ ಬಂದರುಗಳಲ್ಲಿ ಸಂಸ್ಥೆ ಒಪ್ಪಿಗೆ ಕೊಟ್ಟ ಉಗ್ರಾಣಗಳಿವೆ. ಅಲ್ಲಿಗೆ ಬಂದದ್ದೆಷ್ಟು ಟನ್, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ. ಅದರಲ್ಲಿ ಇನ್ನೊಂದು ಸಾಲು ಉಂಟು. ತಿಳಿದವರು ಮೊದಲು ನೋಡುವುದು ಅದನ್ನೇ. ಉಗ್ರಾಣದಲ್ಲೇ ಇದ್ದರೂ, ಒಯ್ಯುತ್ತೇವೆಂದು ಯಾರೋ ಆಗಲೇ ಹೇಳಿಟ್ಟ ಸರಕಿನ ಸಾಲು. ಅಣೆಕಟ್ಟೆಯಲ್ಲಿ ನೀರು ಕಾಣುತ್ತದೆ, ಆದರೆ ಅದು ಕಾಲುವೆಗೆ ಲೆಕ್ಕವಾಗಿಬಿಟ್ಟಿದೆ ಎಂದಂತೆ. 2021ರ ಅಕ್ಟೋಬರ್‌ನಲ್ಲಿ ಹೀಗೇ ಆಯಿತು. ಒಟ್ಟು ದಾಸ್ತಾನು ಬೇಕಾದಷ್ಟಿದ್ದಂತೆ ಕಂಡರೂ, ಯಾರೂ ಹೇಳಿಟ್ಟಿರದ ತಾಮ್ರ 15,000 ಟನ್ನಿಗಿಂತ ಕೆಳಗಿಳಿಯಿತು. ಆಗ ಇವತ್ತೇ ಬೇಕು ಎನ್ನುವವರ ದರ ಮೂರು ತಿಂಗಳ ದರಕ್ಕಿಂತ ಟನ್ನಿಗೆ 1,000 ಡಾಲರ್‌ಗೂ ಮೇಲೆ ಹಾರಿತು. ಸಾಮಾನ್ಯ ದಿನಗಳಲ್ಲಿ ಈ ಎರಡು ದರಗಳ ನಡುವಿನ ಅಂತರ ಬಹಳ ಸಣ್ಣದು. ಆದ್ದರಿಂದ ಇವತ್ತಿನ ದರ ಮೂರು ತಿಂಗಳ ದರವನ್ನು ದಾಟಿ ನಿಂತಿದೆ ಎಂದರೆ ಎಲ್ಲೋ ಸರಕಿಗೆ ನಿಜವಾದ ಅಭಾವ ಬಿದ್ದಿದೆ ಎಂದು ತಿಳಿಯಬೇಕು.

ಲಂಡನ್ನಿನ ಅಂಕಿ ಹಾರಂಗಿಗೆ ಬರುವಾಗ ದಾರಿಯಲ್ಲಿ ಏನೇನು ಸೇರುತ್ತದೆ? ಲೆಕ್ಕ ಸುಲಭವಾಗಲಿ ಎಂದು ಟನ್ನಿಗೆ 10,000 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ 850 ರೂಪಾಯಿ ಆಯಿತು. ಇದು ಶೇಕಡಾ 99.99 ಶುದ್ಧಿಯ ತಾಮ್ರದ ಹಲಗೆಗೆ, ಅದೂ ಯಾವುದೋ ಹೊರದೇಶದ ಉಗ್ರಾಣದ ಬಾಗಿಲಲ್ಲಿ. ಅದನ್ನು ನಮ್ಮ ಬಂದರಿಗೆ ತಂದುಕೊಡುವವನು ಸಾಗಣೆ, ವಿಮೆ, ತನ್ನ ಲಾಭ ಸೇರಿಸಿ ಪ್ರೀಮಿಯಂ ಕೇಳುತ್ತಾನೆ. ಟನ್ನಿಗೆ 100 ಡಾಲರ್ ಎಂದರೂ ಕಿಲೋಗೆ ಎಂಟೂವರೆ ರೂಪಾಯಿ. ಮೇಲೆ ಆಮದು ಸುಂಕ ಶೇಕಡಾ 5, ಆ ಸುಂಕದ ಮೇಲೊಂದು ಸಣ್ಣ ಉಪಸುಂಕ. ಆಗಲೇ 905 ದಾಟಿತು. ಇನ್ನು ಶೇಕಡಾ 18 ಜಿಎಸ್‌ಟಿ ಸೇರಿದರೆ 1,068ರ ಸುಮಾರು. ತಂತಿ ಎಳೆಯುವ ಕೂಲಿ, ಬೆಂಗಳೂರಿನಿಂದ ಕುಶಾಲನಗರದ ಲಾರಿ ಬಾಡಿಗೆ, ಅಂಗಡಿಯ ಲಾಭ ಇನ್ನೂ ಬಾಕಿ. ಲಂಡನ್ನಿನಲ್ಲಿ ದರ ಕದಲದಿದ್ದರೂ ರೂಪಾಯಿ ಇಳಿದರೆ ನಮಗೆ ತಾಮ್ರ ತುಟ್ಟಿ. ಬಹಳ ಜನ ಮರೆಯುವ ಸಂಗತಿ ಇದು.

ಇದೇ ಲೆಕ್ಕವನ್ನು ಮೈಲುತುತ್ತಕ್ಕೆ ಹಾಕಿ. ಕಿಲೋ ತಾಮ್ರ 850 ಇದ್ದಾಗ, ಒಂದು ಕಿಲೋ ಹರಳಿನೊಳಗಿನ 254 ಗ್ರಾಂ ತಾಮ್ರದ ಬೆಲೆಯೇ ಸುಮಾರು 216 ರೂಪಾಯಿ. ಗುಜರಿ ತಾಮ್ರದಿಂದ ತಯಾರಿಸುವವರಿಗೆ ಸ್ವಲ್ಪ ಕಡಿಮೆ ಬೀಳಬಹುದು. ಆದರೆ ತಾಮ್ರದ ಬೆಲೆಗಿಂತ ತೀರಾ ಅಗ್ಗಕ್ಕೆ ಯಾರಾದರೂ ಮೈಲುತುತ್ತ ಕೊಡುತ್ತಾರೆ ಎಂದರೆ ಅನುಮಾನ ಪಡಲೇಬೇಕು. ಆ ಚೀಲದಲ್ಲಿ ತಾಮ್ರ ಕಡಿಮೆ ಇರಬಹುದು, ಬೇರೆ ಲವಣ ಬೆರೆತಿರಬಹುದು. ದರ ಬಲ್ಲವನಿಗೆ ಕಲಬೆರಕೆಯ ಸುಳಿವು ಮೊದಲು ಸಿಗುವುದು ದರದಲ್ಲೇ.

ಮುಂಬೈಯ ಎಂಸಿಎಕ್ಸ್ ಎಂಬ ಸರಕು ವಾಯಿದಾ ಪೇಟೆಯ ಬಗ್ಗೆ ಎರಡು ಮಾತು. 2003ರ ನವೆಂಬರ್‌ನಲ್ಲಿ ಶುರುವಾದ ಈ ಪೇಟೆಯಲ್ಲಿ ತಾಮ್ರದ ದರ ಕಿಲೋಗೆ ಇಷ್ಟು ರೂಪಾಯಿ ಎಂದೇ ಕಾಣುತ್ತದೆ. ಡಾಲರ್ ಲೆಕ್ಕದ ತಲೆನೋವಿಲ್ಲ. ಒಂದು ಕರಾರು ಎಂದರೆ 2,500 ಕಿಲೋ. ರಾತ್ರಿ ಹನ್ನೊಂದೂವರೆವರೆಗೂ ವ್ಯಾಪಾರ ತೆರೆದಿರುತ್ತದೆ, ಏಕೆಂದರೆ ಆಗ ಲಂಡನ್, ನ್ಯೂಯಾರ್ಕ್ ಎದ್ದಿರುತ್ತವೆ. 2019ರಿಂದ ಅವಧಿ ಮುಗಿದ ಕರಾರಿಗೆ ಸರಕನ್ನೇ ಕೊಟ್ಟು ತೀರಿಸಬೇಕು ಎಂಬ ನಿಯಮ ಬಂದಿದೆ. ಬರೀ ಅಂಕಿಯ ಮೇಲಿನ ಪಂದ್ಯ ಕಡಿಮೆಯಾಗಿ, ದರಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಇದರಿಂದ. ಸಾಮಾನ್ಯ ಕೊಳ್ಳುಗನಿಗೆ ಫೋನಿನಲ್ಲಿ ನೋಡಲು ತಕ್ಕ ದರ ನನ್ನ ಮಟ್ಟಿಗೆ ಇದೇ.

ಈಗ ಕುಶಾಲನಗರದ ಒಂದು ವೈಂಡಿಂಗ್ ಅಂಗಡಿಗೆ ಬನ್ನಿ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಸುಟ್ಟುಕೊಂಡವರ ಸಾಲು ಅಲ್ಲಿ ಇದ್ದೇ ಇರುತ್ತದೆ. ಬಿಚ್ಚಿದ ಮೋಟರಿನ ಹೊಟ್ಟೆಯಿಂದ ಕಪ್ಪಾದ ಕಾಯಿಲ್‌ಗಳನ್ನು ಕತ್ತರಿಸಿ ಎಳೆದು ತಕ್ಕಡಿಗೆ ಹಾಕುತ್ತಾರೆ. ಹಳೆ ತಾಮ್ರ ಇಷ್ಟು ಕಿಲೋ, ಅದಕ್ಕೆ ಇಷ್ಟು ವಜಾ. ಹೊಸ ಎನಾಮಲ್ ವೈರ್ ಇಷ್ಟು ಕಿಲೋ, ಅದಕ್ಕೆ ಇಷ್ಟು. ಒಬ್ಬ ರೈತರು ಕೇಳುತ್ತಿದ್ದರು:

"ಏನಣ್ಣಾ, ನಮ್ಮ ಪಕ್ಕದ ತೋಟದವರಿಗೆ ಹೋದ ತಿಂಗಳು ಕಡಿಮೆ ಹಾಕಿದ್ದೀರಲ್ಲ?"

"ಹೋದ ತಿಂಗಳ ವೈರ್ ಹೋದ ತಿಂಗಳ ರೇಟಿಗೆ ಬಂದಿತ್ತು ಸಾರ್. ಈಗ ಬೆಂಗಳೂರಿಗೆ ಫೋನ್ ಮಾಡಿದ್ರೆ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳ್ತಾರೆ. ನಿಮ್ಮ ಹಳೇ ತಾಮ್ರಕ್ಕೂ ಹೆಚ್ಚು ಹಾಕಿದ್ದೀನಿ ನೋಡಿ."

ಆ ವೈಂಡರ್ ಹೇಳಿದ ಕೊನೆಯ ಮಾತು ಮುಖ್ಯ. ಹೊಸ ವೈರಿನ ದರ ಏರಿದ ದಿನವೇ ಹಳೆಯದರ ದರವೂ ಏರಬೇಕು. ಒಂದು ಏರಿ ಇನ್ನೊಂದು ಅಲ್ಲೇ ಉಳಿದರೆ ಕೇಳುವ ಹಕ್ಕು ನಮಗಿದೆ. ಸುಟ್ಟ ಕಾಯಿಲ್‌ನಲ್ಲಿ ಮಸಿ, ವಾರ್ನಿಷ್, ಕಾಗದ ಸೇರಿರುವುದರಿಂದ ಹೊಸದರ ದರ ಸಿಗುವುದಿಲ್ಲ, ಅದು ನ್ಯಾಯವೇ. ಗುಜರಿ ಪೇಟೆಯಲ್ಲಿ ತಾಮ್ರಕ್ಕೆ ಎಷ್ಟೋ ದರ್ಜೆಗಳಿವೆ. ಸಿಪ್ಪೆ ಸುಲಿದ ಹೊಳೆಯುವ ತಂತಿಗೆ ಒಂದು ದರ, ಸುಟ್ಟ ತಂತಿಗೆ ಇನ್ನೊಂದು, ಮೋಟರಿನ ಆರ್ಮೇಚರ್‌ಗೆ ಮತ್ತೊಂದು, ಪಾತ್ರೆಯ ತಾಮ್ರಕ್ಕೆ ಬೇರೊಂದು. ಬೆಂಗಳೂರಿನ ಜಾಲಿ ಮೊಹಲ್ಲಾದಲ್ಲಿ, ಮುಂಬೈಯ ಭುಲೇಶ್ವರದಲ್ಲಿ ಈ ದರ್ಜೆಗಳಿಗೆ ದಿನವೂ ಬೆಲೆ ಕುದುರುತ್ತದೆ. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ತಾಮ್ರದ ಗುಜರಿ, ಹಿತ್ತಾಳೆ ಪಾತ್ರೆ, ಸತುವಿನ ಗಟ್ಟಿ, ಸೀಸ, ತವರ" ಎಂದು ಸಾಲಾಗಿ ಬರುತ್ತಿದ್ದ ದರಗಳು ಇಂಥ ಪೇಟೆಗಳಿಂದ ವರದಿಗಾರರು ಸಂಗ್ರಹಿಸಿದವು. ಕೂಗು ವ್ಯಾಪಾರದಲ್ಲಿ ಹುಟ್ಟುವ ಲಂಡನ್ ದರಕ್ಕೂ, ಕೇಳಿ ಬರೆದ ಈ ದರಕ್ಕೂ ವ್ಯತ್ಯಾಸವಿದೆ.

ಉಕ್ಕಿನಲ್ಲಿ ಈ ವ್ಯತ್ಯಾಸವೇ ಎಲ್ಲ. ಮನೆ ಕಟ್ಟುವವರು ಟಿಎಂಟಿ ಕಂಬಿಯ ದರ ವಾರಕ್ಕೊಂದು ಬಗೆ ಎಂದು ಗೊಣಗುತ್ತಾರೆ. ಒಂದು ಕಾಲದಲ್ಲಿ ಹಾಗಿರಲಿಲ್ಲ. 1964ರಲ್ಲಿ ಹುಟ್ಟಿದ ಜಂಟಿ ಪ್ಲಾಂಟ್ ಸಮಿತಿ ದೊಡ್ಡ ಕಾರ್ಖಾನೆಗಳ ಉಕ್ಕಿಗೆ ದರ ಸಾರುತ್ತಿತ್ತು. 1992ರ ಜನವರಿಯಲ್ಲಿ ಸರ್ಕಾರ ನಿಯಂತ್ರಣ ತೆಗೆದುಹಾಕಿತು. ಅಂದಿನಿಂದ ಉಕ್ಕಿಗೆ ಲಂಡನ್ನಿನ ತಾಮ್ರದಂಥ ಒಂದೇ ಒಂದು ಒಪ್ಪಿತ ದರ ನಮ್ಮಲ್ಲಿಲ್ಲ. ಉಕ್ಕಿನ ಬಗೆ ಸಾವಿರ. ಗಾತ್ರ, ದರ್ಜೆ, ಕಾರ್ಖಾನೆ, ಊರು ಎಲ್ಲ ಬೇರೆ. ಹಾಗಾಗಿ ದರ ವರದಿ ಮಾಡುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಗಳು ಬೆಳೆದಿವೆ. ಇವುಗಳಲ್ಲಿ ಹಳೆಯದೊಂದು ಲಂಡನ್ನಿನ ಮೆಟಲ್ ಬುಲೆಟಿನ್, 1913ರದ್ದು. ಈಗ ಅದಕ್ಕೆ ಫಾಸ್ಟ್‌ಮಾರ್ಕೆಟ್ಸ್ ಎಂದು ಹೆಸರು. ಇವರ ವರದಿಗಾರರ ಕೆಲಸ ಬಹುಪಾಲು ಫೋನಿನ ಮೇಲೆ. ಎಷ್ಟು ಟನ್ ಮಾರಿದಿರಿ, ಯಾವ ದರ್ಜೆ, ಯಾವ ಊರಿಗೆ ತಲುಪಿಸಿ, ಹಣಕ್ಕೆ ಎಷ್ಟು ದಿನದ ಗಡುವು ಎಂದು ಮಾರಿದವರನ್ನು ಕೇಳುತ್ತಾರೆ. ಕೊಂಡವರನ್ನೂ ಕೇಳಿ ತಾಳೆ ನೋಡುತ್ತಾರೆ. ಕೊಂಡವರು ಕಡಿಮೆ ಹೇಳುವುದು, ಮಾರಿದವರು ಹೆಚ್ಚು ಹೇಳುವುದು ಸಹಜ. ಸುಮ್ಮನೆ ಬಾಯಿಮಾತಿಗಿಂತ ಮುಗಿದ ವ್ಯಾಪಾರಕ್ಕೆ ತೂಕ ಹೆಚ್ಚು ಕೊಟ್ಟು, ತೀರಾ ಹೊರಗೆ ಬಿದ್ದ ಅಂಕಿಯನ್ನು ಕಾರಣ ಬರೆದು ಬದಿಗಿಟ್ಟು ಒಂದು ದರ ಪ್ರಕಟಿಸುತ್ತಾರೆ. ಒಳ್ಳೆಯ ಸಂಸ್ಥೆಗಳು ತಾವು ಹೀಗೆ ಲೆಕ್ಕ ಹಾಕುತ್ತೇವೆ ಎಂಬ ವಿಧಾನವನ್ನೂ ಬರೆದಿಟ್ಟಿರುತ್ತವೆ. ವಿಧಾನ ಹೇಳದೆ ದರ ಮಾತ್ರ ಹೇಳುವವರನ್ನು ನಂಬಬಾರದು.

ಉಕ್ಕಿನ ಮೂಲವಾದ ಬಳ್ಳಾರಿಯ ಕಬ್ಬಿಣದ ಅದಿರಿನ ವಿಷಯದಲ್ಲಿ ನಮ್ಮ ರಾಜ್ಯವೇ ಇನ್ನೊಂದು ದಾರಿ ಕಂಡಿದೆ. 2011ರ ಸುಪ್ರೀಂ ಕೋರ್ಟ್ ಆದೇಶಗಳ ನಂತರ ಮೇಲ್ವಿಚಾರಣಾ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಅದಿರು ಮಾರಬೇಕಾಯಿತು. 2022ರಲ್ಲಿ ಕೋರ್ಟು ಆ ಕಟ್ಟುಪಾಡು ಸಡಿಲಿಸುವವರೆಗೆ ಪ್ರತಿ ಲಾಟಿನ ದರವೂ ಹರಾಜಿನಲ್ಲೇ ತೀರ್ಮಾನವಾಗುತ್ತಿತ್ತು. ಕದ್ದು ಸಾಗಿಸಿದ ಅದಿರಿಗೆ ಯಾವ ದರವೂ ಎಲ್ಲೂ ದಾಖಲಾಗದ ಕಾಲವನ್ನು ಕಂಡವರಿಗೆ ಆ ಬಹಿರಂಗ ಹರಾಜಿನ ಬೆಲೆ ಗೊತ್ತು.

ದರ ಬಹಿರಂಗವಾಗಿದ್ದ ಮಾತ್ರಕ್ಕೆ ಅದು ಯಾವಾಗಲೂ ಸರಿ ಇರುತ್ತದೆ ಎಂದು ನಾನು ಹೇಳುವುದಿಲ್ಲ. 2008ರ ಜುಲೈನಲ್ಲಿ ಟನ್ನಿಗೆ 8,900 ಡಾಲರ್ ಹತ್ತಿರವಿದ್ದ ತಾಮ್ರ ಅದೇ ಡಿಸೆಂಬರ್‌ನಲ್ಲಿ 3,000ದ ಕೆಳಗೆ ಬಿತ್ತು. ಜಗತ್ತಿನ ಹಣಕಾಸೇ ಕುಸಿದ ವರ್ಷ ಅದು. ದರ ನಿಜವನ್ನೇ ಹೇಳಿತ್ತು. ಆದರೆ 2022ರ ಮಾರ್ಚ್ 8ರಂದು ನಿಕಲ್‌ಗೆ ಆದದ್ದು ಬೇರೆ. ಕೈಯಲ್ಲಿಲ್ಲದ ನಿಕಲ್ಲನ್ನು ಮುಂಗಡವಾಗಿ ಮಾರಿದ್ದವರು ಹಿಂದಕ್ಕೆ ಕೊಳ್ಳಲು ನುಗ್ಗಿದ್ದರಿಂದ ದರ ಕೆಲವೇ ಗಂಟೆಗಳಲ್ಲಿ ಟನ್ನಿಗೆ 1,00,000 ಡಾಲರ್ ದಾಟಿತು. ಲಂಡನ್ ಸಂಸ್ಥೆ ವ್ಯಾಪಾರ ನಿಲ್ಲಿಸಿತು, ಆ ದಿನ ಆಗಿಹೋಗಿದ್ದ ವ್ಯಾಪಾರಗಳನ್ನೇ ರದ್ದು ಮಾಡಿತು, ಒಂದು ವಾರ ನಿಕಲ್ ಪೇಟೆ ಮುಚ್ಚಿತ್ತು. ಕೈ ಕುಲುಕಿದ ವ್ಯಾಪಾರವನ್ನು ಆಮೇಲೆ ಇಲ್ಲವೆನ್ನುವುದು ಯಾವ ಸಂತೆಯಲ್ಲೂ ಒಪ್ಪುವ ಮಾತಲ್ಲ. ಅಂಥ ಹೊಯ್ದಾಟಕ್ಕೆ ತಕ್ಕ ವ್ಯವಸ್ಥೆ ಇಟ್ಟುಕೊಂಡಿರಲಿಲ್ಲ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆ 2025ರಲ್ಲಿ ಲಂಡನ್ ಸಂಸ್ಥೆಗೆ 92 ಲಕ್ಷ ಪೌಂಡ್ ದಂಡ ಹಾಕಿತು. ನಿಕಲ್ ಪೇಟೆ ಮುಚ್ಚಿದ ಮರುವರ್ಷವೇ, 2023ರ ಮಾರ್ಚ್‌ನಲ್ಲಿ, ಉಗ್ರಾಣವೊಂದರಲ್ಲಿ ನಿಕಲ್ ಎಂದು ಲೆಕ್ಕವಿದ್ದ 54 ಟನ್ ಸರಕಿನ ಚೀಲ ಬಿಚ್ಚಿದರೆ ಒಳಗೆ ಸಿಕ್ಕಿದ್ದು ಕಲ್ಲು. ದಾಸ್ತಾನಿನ ವರದಿಯನ್ನು ನಂಬುವವರು ಆಗಾಗ ಚೀಲವನ್ನೂ ತೂಗಿ ನೋಡಬೇಕೆಂದು ಆ ಮೇಲೆ ಎಲ್ಲ ಉಗ್ರಾಣಗಳಲ್ಲೂ ತಪಾಸಣೆ ನಡೆಯಿತು.

ನಮ್ಮ ತೋಟದ ಸ್ಪ್ರಿಂಕ್ಲರ್ ಪೈಪುಗಳಲ್ಲಿರುವ ಅಲ್ಯೂಮಿನಿಯಂಗೆ ಇನ್ನೊಂದು ಬಗೆಯ ಕಾಟ ಬಂದಿತ್ತು. ಅಮೆರಿಕದ ಡೆಟ್ರಾಯಿಟ್ ನಗರದ ಉಗ್ರಾಣಗಳಲ್ಲಿ ಲೋಹ ತುಂಬಿ ತುಳುಕುತ್ತಿತ್ತು, ಹೊರಗೆ ಬಿಡುವ ಗತಿ ಮಾತ್ರ ನಿಧಾನ. 2014ರ ಹೊತ್ತಿಗೆ ಕಾಯುವ ಸರದಿ 600 ದಿನ ಮೀರಿತ್ತು. ಲಂಡನ್ ದರ ಏರದೆಯೇ, ಸರಕು ತಕ್ಷಣ ಬೇಕಾದವರು ಕೊಡಬೇಕಾದ ಪ್ರೀಮಿಯಂ ಏರುತ್ತ ಹೋಯಿತು. ಆಮೇಲೆ ನಿಯಮ ಬದಲಾಯಿತು. ಇಂಥ ಸಂಗತಿ ಬೆಳಕಿಗೆ ಬಂದದ್ದು ಯಾರೋ ದಿನದಿನದ ಅಂಕಿಗಳನ್ನು ಬರೆದಿಟ್ಟು, ಹೋಲಿಸಿ, ಪ್ರಶ್ನೆ ಕೇಳಿದ್ದರಿಂದ.

ನಮಗೂ ಆ ಅಭ್ಯಾಸ ಬೇಕು. ಯಾರಾದರೂ ಒಂದು ದರ ಹೇಳಿದರೆ, ಅದು ಯಾವ ದಿನದ್ದು, ಯಾವ ಶುದ್ಧಿಯದು, ಎಲ್ಲಿಗೆ ತಲುಪಿಸಿದ ದರ, ತೆರಿಗೆ ಸೇರಿದೆಯೋ ಇಲ್ಲವೋ ಎಂದು ಕೇಳಿ. ಕಾಫಿ ಮಾರುವಾಗ ಔಟ್‌ಟರ್ನ್, ಅಂದರೆ ಮೂಟೆಗೆ ಎಷ್ಟು ಬೀಜ ಬರುತ್ತದೆ ಎಂಬುದನ್ನು, ನೋಡದೆ ಮೂಟೆ ಕೊಡದವರು ನಾವು. ಮೈಲುತುತ್ತ ಕೊಳ್ಳುವಾಗ ಚೀಲದ ಮೇಲೆ ತಾಮ್ರದ ಶೇಕಡಾವಾರು ಬರೆದಿದೆಯೇ ಎಂದು ನೋಡದೆ ಹಣ ಕೊಡಬಾರದು. ಹಳೆ ಮೋಟರ್, ಹಳೆ ಕೇಬಲ್ ಮಾರುವಾಗ ಆ ದಿನದ ಎಂಸಿಎಕ್ಸ್ ದರವನ್ನು ಫೋನಿನಲ್ಲಿ ನೋಡಿಕೊಂಡು ಹೋಗಿ. ತಾಮ್ರ ಏರಿದ ವರ್ಷಗಳಲ್ಲಿ ನದಿಯ ದಡದ, ಕಾಲುವೆ ಬದಿಯ ಪಂಪ್‌ಸೆಟ್ ಕೇಬಲ್‌ಗಳು ಕಳ್ಳತನವಾಗುವ ಭಯ ನಮಗೆಲ್ಲ ಉಂಟು. ಬಿಲ್ಲಿಲ್ಲದ ತಾಮ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಆ ಕಳ್ಳತನಕ್ಕೆ ನಾವೇ ಪೇಟೆ ಒದಗಿಸಿದಂತೆ.

ಕೊನೆಯದಾಗಿ ನಮ್ಮ ಕೃಷಿ ಪತ್ತಿನ ಸಹಕಾರ ಸಂಘಗಳ ಆಡಳಿತ ಮಂಡಳಿಗಳಲ್ಲಿ ಒಂದು ಕೋರಿಕೆ. ನಿಮ್ಮ ಸೂಚನಾ ಫಲಕದಲ್ಲಿ ಕಾಫಿ, ಕರಿಮೆಣಸಿನ ದರದ ಕೆಳಗೆ ತಾಮ್ರದ ದರವನ್ನೂ ವಾರಕ್ಕೊಮ್ಮೆ, ತಾರೀಕು ಹಾಕಿ ಬರೆಯಿರಿ. ಮೈಲುತುತ್ತಕ್ಕೆ ಏಪ್ರಿಲ್ ತಿಂಗಳಲ್ಲೇ ಎಲ್ಲ ಸದಸ್ಯರ ಬೇಡಿಕೆ ಕೂಡಿಸಿ, ಆ ದರ ನೋಡಿ, ಒಟ್ಟಿಗೆ ಕೊಳ್ಳಿ.